ಹೆಸರಿಲ್ಲದ ಹಿರಿಯರ ಋಣ

ನಮ್ಮ ರಾಯದುರ್ಗದ ಸೀಮೆಯಲ್ಲಿ ಯಾರಾದರೂ ತೀರಿಕೊಂಡಾಗ ಅಂತ್ಯಕ್ರಿಯೆ ಮುಗಿಸಿ ಬಂದವರು ‘ಮಣ್ಣಿಗೆ ಹೋಗಿ ಬಂದೆವು’ ಎನ್ನುತ್ತಾರೆ. ಕುಣಿಯೊಳಗೆ ದೇಹವನ್ನು ಇಳಿಸಿದ ಮೇಲೆ ಮೊದಲು ಮಕ್ಕಳು, ಆಮೇಲೆ ದಾಯಾದಿಗಳು ಮತ್ತು ನೆಂಟರು, ಕೊನೆಗೆ ಊರವರೆಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ಆ ಹೊತ್ತಿಗೆ ಆ ದಾರಿಯಲ್ಲಿ ಬಂದ ಅಪರಿಚಿತನೊಬ್ಬ ಚಪ್ಪಲಿ ಕಳಚಿ, ತಾನೂ ಒಂದು ಹಿಡಿ ಮಣ್ಣು ಹಾಕಿ ಮುಂದೆ ಸಾಗಿದ್ದನ್ನು ನಾವು ಕಂಡಿದ್ದೇವೆ. ನೀನು ಯಾರ ಪೈಕಿ, ಸತ್ತವನಿಗೆ ನಿನಗೆ ಏನು ಸಂಬಂಧ ಎಂದು ಅವನನ್ನು ಯಾರೂ ಕೇಳಲಿಲ್ಲ. ಆ ಒಂದು ಹಿಡಿ ಮಣ್ಣಿಗೆ ಸಂಬಂಧದ ಪುರಾವೆ ಬೇಕಾಗುವುದಿಲ್ಲ.

ಸತ್ತವರಿಗೆ ಬದುಕಿರುವವರು ಋಣಿಗಳೆಂಬ ನಂಬಿಕೆ ನಮ್ಮಲ್ಲಿ ಬಹು ಹಳೆಯದು. ಆದರೆ ಆ ಋಣ ಎಲ್ಲಿಯವರೆಗೆ? ಶ್ರಾದ್ಧದಲ್ಲಿ ತಂದೆ, ಅಜ್ಜ, ಮುತ್ತಜ್ಜ ಎಂದು ಮೂರು ತಲೆಮಾರಿನ ಹೆಸರು ಹೇಳುವ ರೂಢಿಯುಂಟು. ಅದರಾಚೆಗಿನವರ ಹೆಸರು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದು. ಹೆಸರು ಮರೆತಾಗ ಋಣವೂ ತೀರಿತೇ? ನಮ್ಮ ಕುಲದವರೋ ಅಲ್ಲವೋ, ನಮ್ಮ ಭಾಷೆಯವರೋ ಅಲ್ಲವೋ ಎಂಬುದೇ ಗೊತ್ತಿಲ್ಲದ, ಎರಡು ಮೂರು ಸಾವಿರ ವರ್ಷಗಳ ಹಿಂದೆ ಮಣ್ಣಾದವರಿಗೆ ನಾವೇನಾದರೂ ಸಲ್ಲಿಸಬೇಕಾದುದು ಉಂಟೇ? ಇದು ಪಂಡಿತರ ಚರ್ಚೆಗೆ ಮಾತ್ರ ಸೇರಿದ ಪ್ರಶ್ನೆಯೆಂದು ನಾವೂ ಭಾವಿಸಿದ್ದೆವು. ಕೆಲವು ವರ್ಷಗಳ ಹಿಂದೆ ಅದು ನಮ್ಮ ಪರಿಚಯದ ಒಂದು ರೈತ ಕುಟುಂಬದ ಹೊಲದಲ್ಲಿ ಎದುರಾಯಿತು.

ಅವರದು ಮಳೆಯನ್ನೇ ನಂಬಿದ ಕೆಂಪು ಮಣ್ಣಿನ ಹೊಲ. ಶೇಂಗಾ ಬಿಟ್ಟರೆ ಬೇರೆ ಬೆಳೆಯಿಲ್ಲ. ಹೊಲದ ಮೇಲ್ಭಾಗದಲ್ಲಿ ದುಂಡಗಲ್ಲುಗಳನ್ನು ಬಳೆಯಂತೆ ಜೋಡಿಸಿದ್ದ ಮೂರು ವೃತ್ತಗಳಿದ್ದವು. ಅವುಗಳ ನಡುವೆ ಸಣ್ಣ ಕಲ್ಲುಗಳ ಗುಪ್ಪೆ. ತಲೆತಲಾಂತರದಿಂದ ನೇಗಿಲು ಅವುಗಳನ್ನು ಸುತ್ತಿಕೊಂಡು ಹೋಗುತ್ತಿತ್ತು. ಆ ವರ್ಷ ಮೊಮ್ಮಗ ಗಂಟೆಯ ಬಾಡಿಗೆಗೆ ಜೆಸಿಬಿ ತರಿಸಿ ಹೊಲವನ್ನು ಸಮತಟ್ಟು ಮಾಡಿಸಲು ಹೊರಟ. ಎರಡು ವೃತ್ತಗಳು ಒಂದು ಮುಂಜಾನೆಯಲ್ಲಿ ಹೋದವು. ಮೂರನೆಯದರ ಅಂಚಿಗೆ ಯಂತ್ರದ ಹಲ್ಲು ತಾಕಿದಾಗ ಒಳಗೆ ಕಪ್ಪು, ಹೊರಗೆ ಕೆಂಪು ಬಣ್ಣದ ಮಡಕೆಯ ಚೂರುಗಳೂ, ಬೆರಳಿನಿಂದ ಮುಟ್ಟಿದರೆ ಪುಡಿಯಾಗುವಂಥ ಎಲುಬಿನ ತುಂಡುಗಳೂ ಮೇಲೆ ಬಂದವು. ಮನೆಯ ಹಿರಿಯಜ್ಜಿ ಬದುವಿನ ಮೇಲೆ ಕುಳಿತಿದ್ದವರು ಎದ್ದು ಬಂದು, ‘ಯಾರ ಮನೀ ಹಿರೇರೋ ಏನೋ, ಮೊದ್ಲು ಮುಚ್ಚಪ್ಪ’ ಎಂದರು. ಮೊಮ್ಮಗ ಉತ್ತರ ಕೊಟ್ಟ: ‘ಎಲುಬಿಗೇನು ತಿಳಿತೈತಬೇ? ಬ್ಯಾಂಕಿನ ಕಂತು ತಿಳಿಯೋದು ನಮಗೆ.’

ಇಬ್ಬರ ಮಾತಿನಲ್ಲಿಯೂ ನ್ಯಾಯವಿತ್ತು. ಹುಡುಗನನ್ನು ಒರಟನೆಂದು ತಳ್ಳಿಹಾಕುವುದು ಸುಲಭ. ಅವನ ಸಾಲವನ್ನು ನಾವು ತೀರಿಸುವವರಲ್ಲ. ಅಜ್ಜಿಯದು ಮೂಢನಂಬಿಕೆ ಎನ್ನುವುದೂ ಅಷ್ಟೇ ಸುಲಭ. ಈ ಇಬ್ಬರ ನಡುವೆ ತೀರ್ಪು ಹೇಳುವ ಮೊದಲು, ಆ ಕಲ್ಲುಗಳ ಕೆಳಗೆ ಮಲಗಿದವರು ಯಾರು, ಅವರನ್ನು ಹಾಗೆ ಮಲಗಿಸಿದವರು ಏನು ಮಾಡಿದ್ದರು ಎಂಬುದನ್ನು ತಿಳಿಯುವುದು ಉಚಿತವೆಂದು ನಮಗೆ ತೋರಿತು.

ಇಂಥ ಕಲ್ಲುಮನೆಗಳು, ಶಿಲಾವೃತ್ತಗಳು, ಕಲ್ಗುಪ್ಪೆಗಳು ದಕ್ಷಿಣ ಭಾರತದ ಉದ್ದಗಲಕ್ಕೂ ಹರಡಿವೆ. ವಿದ್ವಾಂಸರು ಇವನ್ನು ಬೃಹತ್ ಶಿಲಾಯುಗದ ಸಮಾಧಿಗಳೆಂದು ಕರೆಯುತ್ತಾರೆ. ಜನರು ಕೊಟ್ಟ ಹೆಸರುಗಳು ಬೇರೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಇಂಥ ನೂರಾರು ನಿರ್ಮಾಣಗಳಿದ್ದು, ಅದನ್ನು ಮೋರ್ಯರ ಗುಡ್ಡ ಎನ್ನುತ್ತಾರೆ. ಮೋರ್ಯರು ಕುಳ್ಳ ಜನರಾಗಿದ್ದರು, ಅವರ ವಾಸಕ್ಕೆಂದೇ ಈ ಗಿಡ್ಡ ಮನೆಗಳು ಎಂದು ಕಥೆ. ಕೆಲವೆಡೆ ಅವು ಪಾಂಡವರ ಗುಡಿಗಳು. ತೆಲುಗಿನ ನಾಡಿನಲ್ಲಿ ಹಲವೆಡೆ ರಾಕ್ಷಸ ಗುಳ್ಳು, ಎಂದರೆ ರಾಕ್ಷಸರ ಗುಡಿಗಳು. ಕುಳ್ಳರು, ದೇವಾಂಶದವರು, ದಾನವರು ಎಂಬ ಈ ಮೂರು ಊಹೆಗಳಲ್ಲಿ ನಮ್ಮಂಥ ಸಾಧಾರಣ ಮನುಷ್ಯರಿಗೆ ಮಾತ್ರ ಜಾಗವಿಲ್ಲ. ಇಷ್ಟು ಭಾರದ ಚಪ್ಪಡಿಗಳನ್ನು ನಮ್ಮಂಥವರೇ ಎತ್ತಿ ನಿಲ್ಲಿಸಿದರೆಂದು ನಂಬಲು ಜನಕ್ಕೆ ಕಷ್ಟವಾಗಿರಬೇಕು.

ನಮಗೆ ಅತ್ಯಂತ ಹತ್ತಿರದ ಸಾಕ್ಷಿ ಗಡಿಯಾಚೆಯ ನೆರೆಯ ತಾಲೂಕಾದ ಮೊಳಕಾಲ್ಮೂರಿನ ಬ್ರಹ್ಮಗಿರಿ. ಅಲ್ಲಿನ ಬಂಡೆಯ ಮೇಲೆ ಅಶೋಕನ ಶಾಸನವಿರುವುದನ್ನು 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದರು. ಅದೇ ಬೆಟ್ಟದ ತಪ್ಪಲಿನಲ್ಲಿ ಕಲ್ಲಿನ ಸಮಾಧಿಗಳ ದೊಡ್ಡ ಸಮೂಹವೇ ಇದೆ. 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಇಲ್ಲಿ ಕೆಲಸ ಮಾಡಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಊರಿನ ನೆಲೆಯ ಜೊತೆಗೆ ಹತ್ತು ಸಮಾಧಿಗಳನ್ನು ಕ್ರಮಬದ್ಧವಾಗಿ ತೆರೆದು ನೋಡಿದರು.

ಅಲ್ಲಿ ಕಂಡುಬಂದುದು ಎರಡು ಬಗೆಯ ರಚನೆ. ಮೊದಲನೆಯದು ಕಲ್ಲಿನ ಪೆಟ್ಟಿಗೆ. ನೆಲವನ್ನು ಅಗೆದು, ನಾಲ್ಕು ಕಡೆಗೂ ಕಣಶಿಲೆಯ ಚಪ್ಪಡಿಗಳನ್ನು ನಿಲ್ಲಿಸಿ, ಪ್ರತಿಯೊಂದರ ಒಂದು ತುದಿ ಪಕ್ಕದ ಚಪ್ಪಡಿಯನ್ನು ಮೀರಿ ಚಾಚುವಂತೆ ಹೊಂದಿಸುತ್ತಿದ್ದರು. ಮೇಲಿನಿಂದ ನೋಡಿದರೆ ಸ್ವಸ್ತಿಕದ ಆಕಾರ. ಹೊರಗಿನ ಮಣ್ಣಿನ ಒತ್ತಡ ಹೆಚ್ಚಿದಂತೆ ಚಪ್ಪಡಿಗಳು ಒಂದಕ್ಕೊಂದು ಒರಗಿ ಮತ್ತಷ್ಟು ಗಟ್ಟಿಯಾಗುವ ಈ ಜಾಣ್ಮೆ ಪಳಗಿದ ಕೈಗಳದು. ಪೂರ್ವ ದಿಕ್ಕಿನ ಚಪ್ಪಡಿಯಲ್ಲಿ ಒಂದು ದುಂಡನೆಯ ಕಂಡಿ ಕೊರೆದಿರುತ್ತಿದ್ದರು. ಮೇಲೊಂದು ಮುಚ್ಚುಗಲ್ಲು, ಸುತ್ತ ಕಲ್ಲಿನ ಆವರಣ. ಒಳಗೆ ಅಸ್ಥಿಗಳು, ಕಪ್ಪು ಕೆಂಪು ಮಡಕೆಗಳು, ಕಬ್ಬಿಣದ ಆಯುಧ ಉಪಕರಣಗಳು, ಮಣಿಗಳು. ಎರಡನೆಯದು ಕಲ್ಲುವೃತ್ತದೊಳಗಿನ ಬರಿಯ ಗುಂಡಿ. ಇದರಲ್ಲಿ ಪೆಟ್ಟಿಗೆಯಿಲ್ಲ, ಅಸ್ಥಿಗಳೂ ಇಲ್ಲ.

ಅಸ್ಥಿಗಳ ಸ್ಥಿತಿಯಲ್ಲಿಯೇ ಒಂದು ಅಂತ್ಯಸಂಸ್ಕಾರದ ಕ್ರಮ ಅಡಗಿತ್ತು. ಪೆಟ್ಟಿಗೆಯೊಳಗೆ ಇಡೀ ದೇಹವನ್ನು ಮಲಗಿಸಿದ ಲಕ್ಷಣವಿರಲಿಲ್ಲ. ಒಬ್ಬರಿಗಿಂತ ಹೆಚ್ಚು ಜನರ, ಬಿಡಿಬಿಡಿಯಾದ, ಆಯ್ದು ತಂದಿಟ್ಟ ಎಲುಬುಗಳಿದ್ದವು. ಎಂದರೆ ಮರಣವಾದ ಕೂಡಲೇ ಈ ಕಲ್ಲುಮನೆ ಸೇರುತ್ತಿರಲಿಲ್ಲ. ದೇಹವನ್ನು ಮೊದಲು ಬೇರೆಡೆ ಇರಿಸಿ, ಗಾಳಿಗೆ ಬಿಸಿಲಿಗೆ ಮಾಂಸ ಕಳೆದುಹೋದ ಮೇಲೆ, ಉಳಿದ ಅಸ್ಥಿಯನ್ನು ಆರಿಸಿ ತಂದು ಇಲ್ಲಿ ನೆಲೆಗೊಳಿಸುತ್ತಿದ್ದರು. ಆ ಬರಿಯ ಗುಂಡಿಗಳು ದೇಹವನ್ನು ಮೊದಲು ಇರಿಸುತ್ತಿದ್ದ ತಾಣಗಳಿರಬಹುದೆಂದು ವೀಲರ್ ಭಾವಿಸಿದರು. ಈ ಸಮಾಧಿಗಳು ಕ್ರಿ.ಪೂ. 200ರ ಈಚಿನವೆಂದು ಅವರು ಲೆಕ್ಕ ಹಾಕಿದ್ದರು. ಮುಂದೆ ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನ ಮತ್ತು ಇಂಗಾಲದ ಕಾಲಪರೀಕ್ಷೆಗಳಿಂದ ಕಬ್ಬಿಣ ಬಳಸಿದ ಈ ಜನರ ಕಾಲ ಕ್ರಿ.ಪೂ. 1000ದ ಸುಮಾರಿಗೆ ಹಿಂದೆ ಸರಿಯಿತು.

ಕಲ್ಲುಮನೆಗಳಿಗೂ ಹಿಂದಿನ ನವಶಿಲಾಯುಗದಲ್ಲಿ ಪದ್ಧತಿ ಬೇರೆಯಾಗಿತ್ತು. ಬ್ರಹ್ಮಗಿರಿಯ ಕೆಳಗಿನ ಪದರಗಳಲ್ಲಿಯೂ, 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಅವರು ಉತ್ಖನನ ಮಾಡಿದ ಸಿರುಗುಪ್ಪ ತಾಲೂಕಿನ ತೆಕ್ಕಲಕೋಟೆಯಲ್ಲಿಯೂ ಸಮಾಧಿಗಳು ವಸತಿಯ ನಡುವೆಯೇ ಇವೆ. ತೀರಿಹೋದ ಹಸುಗೂಸುಗಳನ್ನು ಮಡಕೆಯೊಳಗಿಟ್ಟು ಮನೆಯ ನೆಲದಡಿಯಲ್ಲಿ ಹೂಳುತ್ತಿದ್ದರು. ಒಲೆಯ ಬೂದಿ ಬೀಳುವ, ಉಳಿದ ಮಕ್ಕಳು ತೆವಳಾಡುವ ಅದೇ ನೆಲ. ಇದರ ಅರ್ಥವನ್ನು ಪುಸ್ತಕ ನೋಡಿ ತಿಳಿಯಬೇಕಾಗಿಲ್ಲ. ಇಂದಿಗೂ ನಮ್ಮಲ್ಲಿ ಹಿರಿಯರನ್ನು ಸುಡುವ ಮನೆತನಗಳು ಸಹ ಕೂಸನ್ನು ಸುಡದೆ ಮಣ್ಣಿಗೆ ಒಪ್ಪಿಸುತ್ತವೆ. ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳು ಕೂಸು ದೂರ ಹೋಗದಿರಲೆಂದು ಬಯಸಿದ್ದು ನಾಲ್ಕು ಸಾವಿರ ವರ್ಷಗಳ ಆಚೆಯಿಂದಲೂ ನಮಗೆ ತಲುಪುತ್ತದೆ.

ಹೀಗೆ ಈ ಗುಪ್ಪೆಗಳು ಹಳೆಯ ಶವಸಂಸ್ಕಾರದ ಬಗ್ಗೆ ಮೂರು ಸಂಗತಿಗಳನ್ನು ಸ್ಪಷ್ಟವಾಗಿ ತಿಳಿಸುತ್ತವೆ. ಒಂದು, ವಿದಾಯ ಒಂದೇ ದಿನದಲ್ಲಿ ಮುಗಿಯುತ್ತಿರಲಿಲ್ಲ. ದೇಹವನ್ನು ಇರಿಸಿ ಬಂದವರು ತಿಂಗಳುಗಳ ನಂತರ ಮತ್ತೆ ಹೋಗಿ ಎಲುಬುಗಳನ್ನು ಕೈಯಾರೆ ಆರಿಸಿಕೊಂಡು ತರಬೇಕಾಗಿತ್ತು. ಅಷ್ಟು ದಿನ ಅವರು ನೆನಪಿಟ್ಟುಕೊಂಡಿರಬೇಕಿತ್ತು. ಎರಡು, ಒಂದೇ ಕಲ್ಲುಮನೆಯಲ್ಲಿ ಹಲವರಿಗೆ ಸ್ಥಳವಿತ್ತು. ಮೂರು, ಬದುಕಿದ್ದವರು ಮರದ ಕಂಬ ನೆಟ್ಟು ಹುಲ್ಲು ಹೊದಿಸಿದಂಥ ಮನೆಗಳಲ್ಲಿದ್ದರು. ಆ ಮನೆಗಳಲ್ಲಿ ಇಂದು ಉಳಿದಿರುವುದು ಕಂಬ ಊರಿದ ಕುಳಿಗಳ ಗುರುತು ಮಾತ್ರ. ಕಲ್ಲಿನ ಮನೆಯನ್ನು ಅವರು ಸತ್ತವರಿಗೆ ಕಟ್ಟಿಕೊಟ್ಟರು.

ಇದಕ್ಕೆ ಮೊದಲ ಆಕ್ಷೇಪ ಚಾರ್ವಾಕರದು, ಮತ್ತು ಅದು ಹಗುರವಾದ ಆಕ್ಷೇಪವಲ್ಲ. ಸತ್ತವನಿಗೆ ಹಸಿವಿಲ್ಲ, ಚಳಿಯಿಲ್ಲ. ಅವನಿಗೆ ಅರ್ಪಿಸಿದ್ದು ಅವನನ್ನು ಮುಟ್ಟುವುದಾದರೆ ಪ್ರಯಾಣ ಹೊರಟವನಿಗೆ ಬುತ್ತಿ ಕಟ್ಟುವ ಅಗತ್ಯವೇನಿತ್ತು ಎಂದು ಅವರು ಕೇಳಿದ್ದರು. ಹೊಲದ ಹುಡುಗ ಕೇಳಿದ್ದೂ ಇದನ್ನೇ. ಎಲುಬಿಗೆ ಏನೂ ತಿಳಿಯುವುದಿಲ್ಲವೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ತಿಳಿಯದವರಿಗೆ ಅನ್ಯಾಯ ಮಾಡಲಾಗದು ಎಂಬುದು ಅದರಿಂದ ಹೊರಡುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಪತ್ರವಿಲ್ಲದೆ, ಮಾತಿನ ಮೇಲೆ ಸಾಲ ತಂದವರು ಉಂಟು. ಅಂಥ ತಂದೆ ತೀರಿಹೋದಾಗ ‘ನನಗೆ ಗೊತ್ತಿಲ್ಲ’ ಎಂದುಬಿಡುವ ಮಗನನ್ನು ಕಾನೂನು ಏನೂ ಮಾಡಲಾರದು. ಆದರೂ ಊರು ಅವನನ್ನು ‘ಅಪ್ಪನ ಮಾತಿಗೆ ಮಣ್ಣು ಹಾಕಿದ’ ಎನ್ನುತ್ತದೆ. ಅಪ್ಪನಿಗೆ ನೋವಾಗುವುದಿಲ್ಲ, ನಿಜ. ಆದರೆ ಅಪ್ಪ ಕೊಟ್ಟ ಮಾತು ಅಪ್ಪನೊಡನೆ ಸಾಯಲಿಲ್ಲ. ಮನುಷ್ಯನ ಒಂದು ಭಾಗ ಅವನ ದೇಹದಲ್ಲಿರುತ್ತದೆ, ಒಂದು ಭಾಗ ಅವನು ಇತರರಲ್ಲಿ ಇಟ್ಟ ನಂಬಿಕೆಯಲ್ಲಿರುತ್ತದೆ. ಎರಡನೆಯದಕ್ಕೆ ಮೋಸವಾಗುವುದು ಮರಣದ ನಂತರವೂ ಸಾಧ್ಯ.

ಎರಡನೆಯ ಆಕ್ಷೇಪ ನಮ್ಮನ್ನು ಹೆಚ್ಚು ಕಾಡಿತು. ಈ ಕಲ್ಲುಮನೆಗಳು ಎಲ್ಲರಿಗೂ ದೊರೆತವುಗಳಲ್ಲ. ನೂರಾರು ವರ್ಷ ಬಾಳಿದ ಒಂದು ಊರಿನ ಎಲ್ಲ ಸತ್ತವರಿಗೂ ಸಾಕಾಗುವಷ್ಟು ಸಮಾಧಿಗಳು ಯಾವ ನೆಲೆಯಲ್ಲೂ ಇಲ್ಲ. ಕೆಲವರಿಗೆ ಕಲ್ಲುಮನೆಯೂ ಮಣಿಗಳೂ ದೊರೆತವು. ಆ ಚಪ್ಪಡಿಗಳನ್ನು ಹೊತ್ತು ತಂದವರಲ್ಲಿ ಎಷ್ಟೋ ಜನ ಗುರುತಿಲ್ಲದೆ ಮಣ್ಣಿಗೆ ಸೇರಿದರು. ಇನ್ನೂ ಕಠಿಣವಾದ ಸಂಗತಿಯೊಂದಿದೆ. ಸುರಪುರ ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಅವರು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಜೇವರ್ಗಿಯ ಬಳಿ ಕಲ್ಗುಪ್ಪೆಗಳನ್ನು ತೆರೆಸಿದಾಗ, ರುಂಡ ಬೇರ್ಪಟ್ಟ ಅಸ್ಥಿಪಂಜರಗಳು ಕಂಡವೆಂದು ಬರೆದು, ಅದನ್ನು ನರಬಲಿಯೆಂದು ಊಹಿಸಿದರು. ಅವರ ಊಹೆ ಸರಿಯಾಗಿರಲಿ ಬಿಡಲಿ, ಪ್ರಾಚೀನರನ್ನು ಬರಿಯ ಭಕ್ತಿಯಿಂದ ನೋಡುವವರು ಆ ಪುಟವನ್ನು ಹಾರಿಸಿ ಓದಬಾರದು. ಕಲ್ಲುಮನೆ ಕಟ್ಟಿದವರು ನಮಗಿಂತ ಪುಣ್ಯವಂತರೆಂದು ನಾವು ಹೇಳುತ್ತಿಲ್ಲ. ಅವರಲ್ಲಿಯೂ ಮೇಲು ಕೀಳು ಇತ್ತು, ಬಲವಂತವೂ ಇದ್ದಿರಬಹುದು.

ಇಲ್ಲಿ ಬ್ರಹ್ಮಗಿರಿಯ ಬಂಡೆಯ ಮೇಲಿನ ಶಾಸನ ನಮಗೆ ಒಂದು ಎಚ್ಚರಿಕೆಯಂತೆ ಕಾಣುತ್ತದೆ. ತಾಯಿತಂದೆಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ನಿಜವಾಡಬೇಕು, ಗುರುವನ್ನು ಗೌರವಿಸಬೇಕು, ಬಂಧುಗಳೊಡನೆ ಯೋಗ್ಯವಾಗಿ ನಡೆದುಕೊಳ್ಳಬೇಕು ಎಂದು ಅದು ಹೇಳುತ್ತದೆ. ಎಲ್ಲವೂ ಬದುಕಿರುವವರ ಬಗೆಗಿನ ಕರ್ತವ್ಯಗಳು. ಇದ್ದಾಗ ತುತ್ತು ಹಾಕದೆ ಸತ್ತ ಮೇಲೆ ಎಡೆ ಇಡುವವರನ್ನು ನಮ್ಮ ಹಳ್ಳಿಯ ಜನ ಚುಚ್ಚಿ ಆಡುವುದೂ ಇದೇ ತಿಳಿವಳಿಕೆಯಿಂದ. ಸತ್ತವರ ಋಣ ಬದುಕಿರುವವರ ಹಕ್ಕನ್ನು ನುಂಗಬಾರದು.

ಹಾಗಾದರೆ ಉಳಿಯುವುದು ಎಷ್ಟು? ಇದಕ್ಕೆ ಉತ್ತರ ಕಾಣಲು ಮೂರನೆಯ ಆಕ್ಷೇಪವನ್ನೂ ಎದುರಿಸಬೇಕು. ಸಮಾಧಿಯನ್ನು ಕೆಡಿಸುವುದು ತಪ್ಪಾದರೆ ಟೇಲರ್, ವೀಲರ್, ನಾಗರಾಜರಾವ್ ಇವರೆಲ್ಲರೂ ಮಾಡಿದ್ದೇನು? ನಿಧಿಗಳ್ಳನ ಗುದ್ದಲಿಗೂ ವಿದ್ವಾಂಸನ ಗುದ್ದಲಿಗೂ ಏನು ಭೇದ? ಸತ್ತವನ ಮನೆಯನ್ನು ಇಬ್ಬರೂ ತೆರೆದರು. ಅಜ್ಜಿಯ ಕಣ್ಣಿಗೆ ಇಬ್ಬರೂ ಒಂದೇ ಆದಾರು. ನಮಗೆ ತೋರುವ ಭೇದ ಇಷ್ಟು: ನಿಧಿಗಳ್ಳ ತೆಗೆದುಕೊಂಡು ಹೋಗುತ್ತಾನೆ, ವಿದ್ವಾಂಸ ತೆಗೆದುಕೊಂಡದ್ದಕ್ಕೆ ಲೆಕ್ಕ ಕೊಡುತ್ತಾನೆ. ಯಾವ ಮಡಕೆ ಎಲ್ಲಿತ್ತು, ಯಾವ ಎಲುಬು ಯಾವುದರ ಮೇಲಿತ್ತು, ಕಂಡಿ ಯಾವ ದಿಕ್ಕಿಗಿತ್ತು ಎಂಬುದನ್ನು ಅಳೆದು ಬರೆದು ಪ್ರಕಟಿಸುತ್ತಾನೆ. ಬ್ರಹ್ಮಗಿರಿಯಲ್ಲಿ ತೆರೆದದ್ದು ಹತ್ತೇ ಸಮಾಧಿಗಳನ್ನು. ಮುಂದೆ ಹೆಚ್ಚು ಬಲ್ಲವರು ಬಂದಾರೆಂದು ಉಳಿದವನ್ನು ಬಿಡುವುದೂ ಒಂದು ಮರ್ಯಾದೆ. ಲೆಕ್ಕ ಕೊಡದೆ ಅಗೆದ ವಿದ್ವಾಂಸನಿದ್ದರೆ ಅವನನ್ನು ನಿಧಿಗಳ್ಳರ ಸಾಲಿನಲ್ಲಿಯೇ ನಿಲ್ಲಿಸಬೇಕು.

ತಿಳಿಯುವುದು ಕೂಡ ಒಂದು ಬಗೆಯ ಗೌರವ. ಬಳ್ಳಾರಿ ಸೀಮೆಯ ಕುಡತಿನಿಯ ಬೂದಿಗುಡ್ಡವನ್ನು ಜನ ಬಹುಕಾಲ ರಾಕ್ಷಸರ ಚಿತೆಯ ಬೂದಿಯೆಂದೇ ನಂಬಿದ್ದರು. ಅಂಥದೇ ಬೂದಿಗುಡ್ಡವನ್ನು 1957ರಲ್ಲಿ ಇಂದಿನ ಪಶ್ಚಿಮ ತೆಲಂಗಾಣದ ಉಟ್ನೂರಿನಲ್ಲಿ ಆಲ್ಚಿನ್ ಅವರು ಅಗೆದು ನೋಡಿದಾಗ ತಿಳಿದದ್ದು, ಅವು ನವಶಿಲಾಯುಗದ ದನಗಾಹಿಗಳ ದೊಡ್ಡಿಗಳು. ಕೂಡಿಬಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟು ಬೆಳೆದ ಗುಡ್ಡಗಳು. ಗೂಟ ನೆಟ್ಟು ಬೇಲಿ ಕಟ್ಟಿದ ಗುರುತುಗಳೂ ದನಗಳ ಗೊರಸಿನ ಗುರುತುಗಳೂ ಅಲ್ಲಿ ಕಂಡವು. ಅಗೆಯದೇ ಇದ್ದಿದ್ದರೆ ಆ ದನಗಾಹಿಗಳು ಇಂದಿಗೂ ನಮ್ಮ ಕಥೆಗಳಲ್ಲಿ ರಾಕ್ಷಸರಾಗಿಯೇ ಉಳಿಯುತ್ತಿದ್ದರು. ಮೋರ್ಯರ ಮನೆಯ ಕುಳ್ಳರೂ ಹಾಗೆಯೇ. ಅವರನ್ನು ಮತ್ತೆ ಮನುಷ್ಯರೆಂದು ಎಣಿಸುವಂತೆ ಮಾಡಿದ್ದು ಎಚ್ಚರದಿಂದ ಹಿಡಿದ ಗುದ್ದಲಿ.

ಬದುಕಿರುವವರ ಅಗತ್ಯವೂ ಸತ್ತವರ ಮರ್ಯಾದೆಯೂ ಎದುರುಬದುರಾದಾಗ ದಾರಿಯಿದೆಯೆಂಬುದಕ್ಕೆ ನಾವು ನೆಲೆಸಿರುವ ಆಂಧ್ರದಲ್ಲಿಯೇ ಒಂದು ನಿದರ್ಶನವಿದೆ. ಕೃಷ್ಣಾ ನದಿಗೆ ನಾಗಾರ್ಜುನಸಾಗರ ಅಣೆಕಟ್ಟು ಕಟ್ಟಬೇಕಾದಾಗ ನಾಗಾರ್ಜುನಕೊಂಡದ ಇಡೀ ಕಣಿವೆ ನೀರಿನಲ್ಲಿ ಮುಳುಗುವುದಿತ್ತು. ರೈತರಿಗೆ ನೀರು ಬೇಕಿತ್ತು, ಅಣೆಕಟ್ಟು ನಿಲ್ಲಲಿಲ್ಲ. ಆದರೆ ನೀರು ಏರುವ ಮೊದಲು, 1954ರಿಂದ 1960ರವರೆಗೆ ಆ ಕಣಿವೆಯನ್ನು ಉತ್ಖನನ ಮಾಡಿ, ಆಯ್ದ ಕಟ್ಟಡಗಳನ್ನು ಕಲ್ಲು ಕಲ್ಲಾಗಿ ಬಿಚ್ಚಿ ಎತ್ತರದ ನೆಲೆಗೆ ಸಾಗಿಸಿ ಮರುನಿರ್ಮಿಸಿದರು. ಬೌದ್ಧ ಸ್ತೂಪ ವಿಹಾರಗಳ ಜೊತೆಗೆ ಹೆಸರಿಲ್ಲದವರ ಒಂದು ಕಲ್ಲುಸಮಾಧಿಗೂ ಅಲ್ಲಿ ಸ್ಥಳ ದೊರೆಯಿತು. ಸತ್ತವರ ಹಕ್ಕು ಅಲ್ಲಿ ಗೆಲ್ಲಲಿಲ್ಲ. ಆದರೆ ಅವರನ್ನು ನೋಡದೆ, ಹೇಳದೆ ಮುಳುಗಿಸಲಿಲ್ಲ.

ಇಷ್ಟಾದ ಮೇಲೆ ಗಡಿನಾಡಿನವರಾದ ನಮ್ಮ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಈ ಹಿರಿಯರು ಯಾರವರು? 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯನ್ನು ಒಡೆದಾಗ ರಾಯದುರ್ಗ, ಆದೋನಿ, ಆಲೂರು ತಾಲೂಕುಗಳು ಆಂಧ್ರಕ್ಕೆ ಸೇರಿದವು. ಅಂದಿನಿಂದ ಪ್ರತಿಯೊಂದು ಶಾಸನವೂ ಗುಡಿಯೂ ಯಾರದು ಎಂದು ವಾದಿಸುವುದು ನಮಗೆ ರೂಢಿಯಾಗಿದೆ. ಅದಕ್ಕೆ ಕಾರಣಗಳೂ ಇವೆ. ಆದರೆ ಈ ಕಲ್ಲುಮನೆಗಳ ಮುಂದೆ ಆ ವಾದ ಸಾಗುವುದಿಲ್ಲ. ಅವರು ಬರಹ ಬಿಟ್ಟುಹೋಗಲಿಲ್ಲ. ಮಡಕೆಗಳ ಮೇಲೆ ಗೀಚಿದ ಗುರುತುಗಳನ್ನು ಓದಿದವರಿಲ್ಲ. ಬ್ರಹ್ಮಗಿರಿಯ ಕಪ್ಪು ಕೆಂಪು ಮಡಕೆಯನ್ನೂ, ಗಡಿಯ ಈಚೆ ಸಿಗುವ ಕಪ್ಪು ಕೆಂಪು ಮಡಕೆಯನ್ನೂ ಪಕ್ಕದಲ್ಲಿಟ್ಟರೆ ಯಾವುದು ಯಾವ ರಾಜ್ಯದ್ದೆಂದು ಹೇಳಲಾಗದು. ಇವರು ನಮ್ಮವರೆಂದು ಸಾಧಿಸಿದ ಮೇಲೆ ಗೌರವಿಸುತ್ತೇವೆ ಎಂದು ಕುಳಿತರೆ ಅಷ್ಟರಲ್ಲಿ ಗೌರವಿಸಲು ಏನೂ ಉಳಿದಿರುವುದಿಲ್ಲ.

ಈ ಮಾತು ನಮಗೆ ಮನವರಿಕೆಯಾದದ್ದು ಗ್ರಂಥಗಳಿಂದಲ್ಲ. ನಮ್ಮ ಅಜ್ಜನನ್ನು ಮಣ್ಣು ಮಾಡಿದ್ದು ನಮ್ಮದೇ ಹೊಲದ ಅಂಚಿನಲ್ಲಿ, ಒಂದು ಬೇವಿನ ಮರದ ಬುಡದಲ್ಲಿ. ತಂದೆಯವರ ಕಾಲಕ್ಕೆ ಬರ ಬಿತ್ತು, ಹೊಲ ಮಾರಿತು, ನಾವು ಪಟ್ಟಣ ಸೇರಿದೆವು. ಕೊಂಡವರು ಬೇರೆ ಭಾಷೆಯವರು, ಬೇರೆ ಕುಲದವರು. ಮಾರಾಟದ ಪತ್ರದಲ್ಲಿ ಸಮಾಧಿಯ ಮಾತಿರಲಿಲ್ಲ. ನಾವೂ ಬಾಯಿಬಿಟ್ಟು ಕೇಳಲಿಲ್ಲ. ಹಲವು ವರ್ಷಗಳ ಮೇಲೆ ಒಂದು ಮಹಾಲಯ ಅಮಾವಾಸ್ಯೆಯ ಮುಂಚೆ ಅಳುಕುತ್ತಲೇ ಅಲ್ಲಿಗೆ ಹೋದೆವು. ಮರ ಇರಲಿಲ್ಲ. ಸಮಾಧಿಯ ನಾಲ್ಕು ಕಲ್ಲು ಇದ್ದವು, ಅವುಗಳ ಸುತ್ತ ಒಂದು ಮೊಳ ನೆಲ ಉಳದೆ ಬಿಟ್ಟಿತ್ತು. ಯಜಮಾನರು ಮನೆಯಲ್ಲಿರಲಿಲ್ಲ. ಕೂಲಿಗೆ ಬಂದಿದ್ದ ಹೆಂಗಸೊಬ್ಬರು, ಅದು ಯಾರೋ ಪೆದ್ದವರ ಜಾಗ, ಅಲ್ಲಿ ನೇಗಿಲು ಹೊಡೆಯುವುದಿಲ್ಲ ಎಂದು ತೆಲುಗಿನಲ್ಲಿ ಹೇಳಿದರು. ನಾವು ಕೇಳದೆ, ಬರೆಯದೆ, ಹಣ ಕೊಡದೆ, ನಮ್ಮ ಅಜ್ಜನ ಹೆಸರೂ ತಿಳಿಯದವರು ಅವನಿಗೆ ಒಂದು ಮೊಳ ನೆಲ ಬಿಟ್ಟಿದ್ದರು.

ಅಂದು ನಮಗೆ ಹೊಳೆದದ್ದು ಇದು: ಸತ್ತವರೆಲ್ಲರೂ ಕೊನೆಗೊಂದು ದಿನ ಪರರ ಕೈಗೆ ಹೋಗುತ್ತಾರೆ. ಮಕ್ಕಳು ಇರುವಷ್ಟು ಕಾಲ ಮಕ್ಕಳು, ಮೊಮ್ಮಕ್ಕಳು ನೆನೆಯುವಷ್ಟು ಕಾಲ ಮೊಮ್ಮಕ್ಕಳು. ಅದರಾಚೆಗೆ ಹೊಲ ಕೊಂಡವನು, ದಾರಿ ಹೋಕ, ಯಂತ್ರ ನಡೆಸುವವನು. ಬ್ರಹ್ಮಗಿರಿಯವರಿಗೂ ಅವರ ಹೊಲದ ಮೇಲ್ಭಾಗದ ವೃತ್ತದಲ್ಲಿ ಮಲಗಿದವರಿಗೂ ಆದದ್ದು ಇದೇ. ನಮಗೂ ಆಗುವುದು ಇದೇ. ಪ್ರತಿಯೊಂದು ಸಮಾಧಿಯೂ ಗುರುತಿಲ್ಲದ ಮುಂದಿನವರಲ್ಲಿ ಇಟ್ಟ ಒಂದು ನಂಬಿಕೆ. ಆ ನಂಬಿಕೆಯನ್ನು ನಾವು ಒಪ್ಪಿ ಸಹಿ ಹಾಕಿಲ್ಲವೆಂಬುದು ದಿಟ. ಆದರೆ ನಮ್ಮ ಹಿರಿಯರ ವಿಷಯದಲ್ಲಿ ಅದೇ ನಂಬಿಕೆಯನ್ನು ನಾವೂ ಪರರಲ್ಲಿ ಇಟ್ಟಿದ್ದೇವೆ. ಗಡಿಯಾಚೆ ಈಚೆ ಚದುರಿದ ನಮ್ಮ ಮನೆತನಗಳಲ್ಲಿ ಇಟ್ಟಿರದವರು ವಿರಳ. ಮುಂದಿನವರಿಂದ ಬಯಸುವುದನ್ನು ಹಿಂದಿನವರಿಗೆ ನಿರಾಕರಿಸುವುದು ನ್ಯಾಯವಲ್ಲ. ಹೆಸರಿಲ್ಲದ ಹಿರಿಯರಿಗೆ ನಾವು ಋಣಿಗಳಾಗಿರುವುದು ಈ ಕಾರಣದಿಂದ. ಅವರು ನಮ್ಮ ಪೂರ್ವಜರೋ ಅಲ್ಲವೋ ಎಂಬುದನ್ನು ಇದು ಅವಲಂಬಿಸಿಲ್ಲ.

ಈ ಋಣ ದೊಡ್ಡದೇನೂ ಅಲ್ಲ. ಅದು ಪೂಜೆಯನ್ನು ಬೇಡುವುದಿಲ್ಲ, ಬಾವಿ ತೋಡುವುದನ್ನು ಶಾಶ್ವತವಾಗಿ ತಡೆಯುವುದೂ ಇಲ್ಲ. ನೋಡದೆ ಅಳಿಸಬಾರದು, ಹೇಳದೆ ಅಳಿಸಬಾರದು. ಅದು ಕೇಳುವುದು ಇಷ್ಟೇ. 1958ರ ಸ್ಮಾರಕ ಸಂರಕ್ಷಣಾ ಕಾಯಿದೆ ಕಾಯುವುದು ರಾಷ್ಟ್ರೀಯ ಮಹತ್ವದ್ದೆಂದು ಘೋಷಿತವಾದ ನೆಲೆಗಳನ್ನು. ಹೊಲದ ಮೂಲೆಯ ವೃತ್ತಗಳು ಆ ಪಟ್ಟಿಯಲ್ಲಿ ಇರುವುದಿಲ್ಲ. ಅಲ್ಲಿ ಕಾಯುವವರು ಹೊಲದವರು ಮಾತ್ರ. ನಿಧಿಯ ಆಸೆಗೆ ರಾತ್ರಿ ಅಗೆಯುವವರೂ, ಜಲ್ಲಿಗೆ ಕಲ್ಲು ಒಡೆಯುವವರೂ ಬರುವುದು ಇಂಥ ಕಡೆಗೇ. ಸಂಘದ ಸದಸ್ಯರಲ್ಲಿ ಹಲವರು ಹೊಲಮನೆ ಉಳ್ಳವರು, ಹಲವರು ಶಾಲೆಗಳಲ್ಲಿ ಪಾಠ ಹೇಳುವವರು. ತಮ್ಮ ಊರಿನ ಸುತ್ತ ಇಂಥ ಗುಪ್ಪೆ ಎಲ್ಲಿದೆ, ಎಷ್ಟಿವೆ, ಜನ ಅದನ್ನು ಏನೆಂದು ಕರೆಯುತ್ತಾರೆ ಎಂದು ಒಂದು ಪುಟದಲ್ಲಿ ಬರೆದಿಟ್ಟರೂ, ಏನಾದರೂ ಮೇಲೆ ಬಂದಾಗ ಪುರಾತತ್ವ ಇಲಾಖೆಗೆ ಒಂದು ಕಾಗದ ಹಾಕಿದರೂ ಋಣದ ಬಹುಭಾಗ ತೀರುತ್ತದೆ.

ಆ ಹೊಲದ ಕಥೆಯನ್ನು ಮುಗಿಸದೆ ಬಿಡುವುದು ಸರಿಯಲ್ಲ. ಅಂದು ಮಾತಿಗೆ ಮಾತು ಬೆಳೆದು ಯಂತ್ರ ಒಂದು ಗಂಟೆ ಸುಮ್ಮನೆ ನಿಂತಿತು. ಬಾಡಿಗೆ ಏರುತ್ತಲೇ ಇತ್ತು. ಕೊನೆಗೆ ಮೊಮ್ಮಗ ಸಿಟ್ಟಿನಿಂದಲೇ ಆ ಎಲುಬಿನ ತುಂಡುಗಳನ್ನು ಇದ್ದ ಜಾಗಕ್ಕೆ ಸೇರಿಸಿ ಮಣ್ಣು ಎಳೆದ. ಅಜ್ಜಿ ಒಂದು ಚೊಂಬು ಹಾಲು ತರಿಸಿ ಮೇಲೆ ಬಿಟ್ಟರು. ಹೋದ ಎರಡು ವೃತ್ತಗಳು ಹೋದವು. ಅವುಗಳೊಳಗೆ ಏನಿತ್ತೆಂದು ಇನ್ನು ಯಾರಿಗೂ ತಿಳ��ಯದು. ಮೂರನೆಯದು ಇಂದಿಗೂ ಇದೆ. ಅದಕ್ಕಾಗಿ ಆ ಮನೆಯವರು ಪ್ರತಿ ಮುಂಗಾರಿನಲ್ಲಿ ಬಿಟ್ಟುಕೊಡುವುದು ನಾಲ್ಕೈದು ಸಾಲು ಶೇಂಗಾ ಹಿಡಿಸುವಷ್ಟು ನೆಲ. ಕಳೆದ ವರ್ಷ ಅಜ್ಜಿ ತೀರಿಕೊಂಡರು. ನಾವು ಮಣ್ಣಿಗೆ ಹೋಗಿದ್ದೆವು. ಕುಣಿಯನ್ನು ಆ ವೃತ್ತದ ಸಮೀಪವೇ, ಬದುವಿನ ಈಚೆಗೆ ತೋಡಿಸಿದ್ದರು. ಜಾಗ ಆರಿಸಿದವನು ಮೊಮ್ಮಗನೇ ಎಂದು ಆಮೇಲೆ ತಿಳಿಯಿತು.